ಕೊಂಡು ತಂದ ದನಿ

ಮೊನ್ನೆ ಮುಂಗಾರಿನ ಮೊದಲ ಜಡಿಮಳೆಗೆ ಕಾರಿನ ಗಾಜು ಏರಿಸಿ ಏಸಿ ಹಾಕಿದೆ. ಒದ್ದೆಯಾದ ಕಾಲೊರಸು, ಹಳೆಯ ಸೀಟಿನ ಬಟ್ಟೆ, ಅದರೊಳಗೆ ಎಲ್ಲೋ ಇಂಗಿಹೋದ ಆಸ್ಪತ್ರೆಯ ಸ್ಪಿರಿಟ್ಟು, ಎಲ್ಲ ಸೇರಿದ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಸಾರಥಿ ಎಂಬ ಹಳ್ಳಿಯ ಶಾಲೆಗೆ ಪಾಠಕ್ಕೆಂದು ಹೊರಟವಳು ದಾರಿಯ ಪಕ್ಕ ಗಾಡಿ ನಿಲ್ಲಿಸಿ, ಗಾಜು ಇಳಿಸಿ, ಮಳೆ ಒಳಗೆ ಬಂದರೆ ಬರಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎರಡು ವರ್ಷದ ಹಿಂದಿನ ಮಳೆಗಾಲ ನೆನಪಾಯಿತು. ಆ ಮಳೆಗಾಲದಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಹರಿಹರದಿಂದ ದಾವಣಗೆರೆಗೆ ಹೋಗುವುದು, ದಾವಣಗೆರೆಯಿಂದ ಹರಿಹರಕ್ಕೆ ಬರುವುದು.

ನಮ್ಮ ಯಜಮಾನರು ಬಸವರಾಜಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಆದರೆ ಊರಿನಲ್ಲಿ ಫಿಟ್ಟರ್ ಬಸವರಾಜಪ್ಪ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭಜನೆ ಬಸಣ್ಣ ಎಂದರೆ ಮನೆಯ ಬಾಗಿಲಿಗೇ ತಂದು ಬಿಡುತ್ತಿದ್ದರು. ಪಾಳಿ ಮುಗಿಸಿ ಬಂದು, ಕೈಯ ಗ್ರೀಸು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಹಾರ್ಮೋನಿಯಂ ಮುಂದೆ ಕೂತರೆ ಊಟದ ನೆನಪಿರುತ್ತಿರಲಿಲ್ಲ. ತತ್ವಪದದ ಮೇಲಿನ ಸಾಲು ಎತ್ತಿಕೊಂಡಾಗ ಅವರಿಗೆ ಮೈಕು ಬೇಕಿರಲಿಲ್ಲ. ತಬಲಕ್ಕೆ ನಂದಿಗುಡಿ ಹಳ್ಳಿಯ ಹನುಮಂತಪ್ಪ. ಗದ್ದೆ ಮಾಡಿಕೊಂಡಿರುವ ಮನುಷ್ಯ, ಇವರಿಗೆ ಚಿಕ್ಕಂದಿನ ಗೆಳೆಯ. ನಮ್ಮ ಮದುವೆಯಾದ ಹೊಸತರಲ್ಲಿ ಇವರ ಭಜನಾ ಮಂಡಳಿಯವರೆಲ್ಲ ಹುಬ್ಬಳ್ಳಿಗೆ ಹೋಗಿ ಒಂದು ಕ್ಯಾಸೆಟ್ಟು ಮಾಡಿಸಿಕೊಂಡು ಬಂದಿದ್ದರು. ನಮ್ಮ ಮನೆಯಲ್ಲಿ ಅದು ಎಷ್ಟು ತಿರುಗಿತೆಂದರೆ ಕೊನೆಗೊಂದು ದಿನ ಟೇಪು ಸುತ್ತಿಕೊಂಡು ಹರಿದುಹೋಯಿತು. ಮಾಡಿಕೊಟ್ಟ ಕಂಪನಿಯೂ ಬಾಗಿಲು ಹಾಕಿತು. ಹಾಡುವವರೇ ಮನೆಯಲ್ಲಿರುವಾಗ ಕ್ಯಾಸೆಟ್ಟು ಯಾರಿಗೆ ಬೇಕೆಂದು ನಾವೂ ಮರೆತೆವು.

ಎರಡು ವರ್ಷದ ಹಿಂದೆ ಶಿವರಾತ್ರಿಯ ಹೊತ್ತಿಗೆ ಇವರ ದನಿ ಒಡೆಯಿತು. ಜಾಗರಣೆಯಲ್ಲಿ ಹಾಡಿದ್ದು ಹೆಚ್ಚಾಯಿತೆಂದು ಕಷಾಯ ಕುಡಿದರು. ಯುಗಾದಿ ಕಳೆದರೂ ಸರಿಹೋಗಲಿಲ್ಲ. ದಾವಣಗೆರೆಯ ಡಾಕ್ಟರು ಗಂಟಲೊಳಗೆ ನಳಿಕೆ ಇಳಿಸಿ ನೋಡಿದರು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಆಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದರು.

"ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗುತ್ತಮ್ಮ. ತೆಗೆದ್ರೆ ಜೀವ ಉಳಿಯುತ್ತೆ. ಮಾತು ಉಳಿಯಲ್ಲ."

ಹೊರಗೆ ಬಂದು ಹೇಗೆ ಹೇಳಲಿ ಎಂದು ನಾನು ನಿಂತಿದ್ದರೆ, ಇವರು ನನ್ನ ಮುಖ ನೋಡಿಯೇ ಅರ್ಧ ತಿಳಿದುಕೊಂಡರು. ಒಡಕು ದನಿಯಲ್ಲಿ, "ಹಾಡದು ಹೋಗ್ತೈತಾ?" ಎಂದರು. ಮಾತಿನ ಬಗ್ಗೆ ಕೇಳಲೇ ಇಲ್ಲ.

"ಹೋಗ್ತೈತಂತ್ರಿ," ಅಂದೆ.

ಆಪರೇಷನ್ ಆಯಿತು. ಕುತ್ತಿಗೆಯ ಮುಂದೆ ಒಂದು ತೂತು, ಉಸಿರಾಟವೆಲ್ಲ ಅದರಿಂದಲೇ. ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಹೇಳಬೇಕಾದದ್ದನ್ನೆಲ್ಲ ಫೋನಿನಲ್ಲಿ ಬರೆದು ತೋರಿಸುವುದನ್ನು ರೂಢಿ ಮಾಡಿಕೊಂಡರು. ಗಾಯ ಆರುತ್ತಲೇ ದಿನಾ ಬಂದು ಕರೆಂಟು ಕೊಡಿಸಿಕೊಂಡು ಹೋಗಬೇಕು ಎಂದರು ಡಾಕ್ಟರು. ಕ್ಯಾನ್ಸರಿಗೆ ಕೊಡುವ ಕಿರಣಕ್ಕೆ ನಮ್ಮ ಕಡೆ ಕರೆಂಟು ಎಂದೇ ಹೆಸರು. ಭಾನುವಾರ ಒಂದು ಬಿಟ್ಟು ಎಲ್ಲ ದಿನವೂ. ಬಸ್ಸಿನ ಧೂಳು ಆ ತೂತಿಗೆ ಆಗುವುದಿಲ್ಲವಾದ್ದರಿಂದ ಕಾರೇ ಗತಿ. ಕಾರೇನೋ ಇತ್ತು, ನಿವೃತ್ತಿಯಾದಾಗ ಇವರು ಆಸೆಪಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಆದರೆ ಈಗ ಇವರ ಕುತ್ತಿಗೆ ಅತ್ತಿತ್ತ ತಿರುಗುತ್ತಿರಲಿಲ್ಲ. ನನಗೆ ಲೈಸೆನ್ಸ್ ಇದ್ದರೂ ನಮ್ಮ ಬಡಾವಣೆಯ ರಸ್ತೆ ದಾಟಿ ಓಡಿಸಿದವಳಲ್ಲ. ಶಾಲೆಗೆ ರಜೆ ಹಾಕಿ, ದೇವರ ಮೇಲೆ ಭಾರ ಹಾಕಿ, ಹೈವೇ ಹತ್ತಿದೆ. ಮೊದಲ ವಾರ ಎಡಗಡೆಯ ಅಂಚು ಬಿಡದೆ ಹೋದೆ. ಲಾರಿಗಳು ಕೆಸರು ನೀರು ಎರಚಿ ಗಾಜು ಕಾಣದಂತಾದಾಗ ಸ್ಟೀರಿಂಗ್ ಅಪ್ಪಿಕೊಳ್ಳುತ್ತಿದ್ದೆ. ಇವರು ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡಿನ ಮೇಲೆ ಬೆರಳಿನಿಂದ ಬಡಿಯುತ್ತಿದ್ದರು. ಒಂದು ಬಡಿತ ಎಂದರೆ ನಿಧಾನ, ಎರಡು ಎಂದರೆ ಹೋಗು.

ಅಷ್ಟು ದಣಿವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬೆಳಗ್ಗೆ ಎದ್ದು ರಾಗಿ ಗಂಜಿ ಮಾಡಿ, ಸೋಸಿ, ಊಟಕ್ಕೆಂದು ಮೂಗಿಗೆ ಇಳಿಸಿದ್ದ ನಳಿಕೆಯಲ್ಲಿ ಹಾಕುವುದು. ಕುತ್ತಿಗೆಯ ತೂತು ಒರೆಸಿ ಬಟ್ಟೆ ಬದಲಿಸುವುದು. ಆಸ್ಪತ್ರೆಯಲ್ಲಿ ನಮ್ಮಂಥವರೇ ತುಂಬಿದ ಬೆಂಚುಗಳ ನಡುವೆ ಸರದಿ ಕಾಯುವುದು. ಕರೆಂಟು ಕೊಡುವುದು ಕಣ್ಣುಮುಚ್ಚಿ ತೆಗೆಯುವಷ್ಟು ಹೊತ್ತು, ಕಾಯುವುದು ಅರ್ಧ ದಿನ. ಮತ್ತೆ ಮಳೆಯಲ್ಲಿ ಮನೆಗೆ. ಮನೆಯಲ್ಲಿ ಸದ್ದೇ ಇಲ್ಲ. ಟಿವಿ ಹಾಕಿದರೆ ಇವರು ಎದ್ದು ಬಂದು ಆರಿಸುತ್ತಿದ್ದರು. ಪಕ್ಕದ ಮನೆಯ ರೇಡಿಯೊಗೆ ಕಿಟಕಿ ಮುಚ್ಚುತ್ತಿದ್ದರು. ಹಾರ್ಮೋನಿಯಂ ಮೇಲೆ ಹಾಸಿಗೆಯ ಗಂಟು ಬಂದು ಕೂತಿತು. ನಾನೂ ಅದನ್ನು ಸರಿಸಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹನುಮಂತಪ್ಪ ಬಂದರು. ನಾಟಿಯ ದಿನಗಳು. ಗದ್ದೆಯಿಂದಲೇ ಬಸ್ಸು ಹತ್ತಿದ್ದರೆಂದು ಕಾಣುತ್ತದೆ, ಅಂಗಳದ ನಲ್ಲಿಯಲ್ಲಿ ಮೊಣಕಾಲಿನ ತನಕ ಕೆಸರು ತೊಳೆದುಕೊಂಡು ಒಳಗೆ ಬಂದರು.

"ಬಸಣ್ಣ, ಒಂದು ಸುದ್ದಿ ಐತೆ. ನಮ್ಮ ಕ್ಯಾಸೆಟ್ಟು ಈಗ ಫೋನ್‌ನಾಗೆ ಮಾರ್ತಾರೆ! ನನ್ನ ಮೊಮ್ಮಗಳು ಹುಡುಕಿ ತೋರಿಸಿದ್ಲು. ದುಡ್ಡು ಕೊಟ್ರೆ ಅಷ್ಟೂ ಹಾಡು ನಮ್ಮ ಫೋನಿಗೆ ಇಳಿತಾವಂತೆ."

ನಾನು ಹಿಂದಿನಿಂದ ಕಣ್ಸನ್ನೆ ಮಾಡಿದೆ, ಬ್ಯಾಡ ಎಂದು ಕೈಯಾಡಿಸಿದೆ. ಅವರಿಗೆ ತಿಳಿಯಲಿಲ್ಲ. ಫೋನು ತೆಗೆದು ಇವರ ಕೈಗೇ ಕೊಟ್ಟರು. ಯಾರೋ ಹಳೆಯ ಕಂಪನಿಯ ಹಾಡುಗಳನ್ನೆಲ್ಲ ಕೊಂಡುಕೊಂಡು ಇಂಟರ್‌ನೆಟ್ಟಿಗೆ ಹಾಕಿದ್ದರು. ನಮ್ಮ ಕ್ಯಾಸೆಟ್ಟಿನ ಮೇಲಿದ್ದ ಮಂಡಳಿಯ ಫೋಟೊ ಇರಲಿಲ್ಲ, ಉರಿಯುವ ದೀಪದ ಚಿತ್ರವಿತ್ತು. ಹಾಡಿದವರು ಎಂಬಲ್ಲಿ 'ಭಜನಾ ವೃಂದ' ಎಂದಷ್ಟೇ ಇತ್ತು. ಇವರು ಅದನ್ನು ಬಹಳ ಹೊತ್ತು ನೋಡಿ, ಫೋನು ವಾಪಸು ಕೊಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಹೇಳಬಾರದಿತ್ತೇನ್ರಿ ಅಕ್ಕಾರ?" ಹನುಮಂತಪ್ಪನವರ ಮುಖ ಸಣ್ಣದಾಯಿತು.

"ನನಗೂ ತಿಳಿವಲ್ದು ಅಣ್ಣ. ಹಾಡು ಅಂದ್ರೆ ಸಾಕು, ಎದ್ದು ಹೋಗ್ತಾರೆ."

ಅವರು ಚಹಾ ಅರ್ಧ ಕುಡಿದು ಹೊರಟುಹೋದರು.

ಅದರ ನಂತರದ ಸೋಮವಾರ ನಾನು ಕಾರು ತೆಗೆದು ನಿಲ್ಲಿಸಿ ಕರೆದರೆ ಇವರು ಹಾಸಿಗೆ ಬಿಟ್ಟು ಏಳಲಿಲ್ಲ. ಆ ಹೊತ್ತಿಗೆ ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಗಿ ಸುಲಿಯುತ್ತಿತ್ತು. ಎಂಜಲು ನುಂಗಲೂ ಕಣ್ಣಲ್ಲಿ ನೀರು ಬರುತ್ತಿತ್ತು. ಫೋನು ಎತ್ತಿ ತೋರಿಸಿದರು. 'ಸಾಕು. ನನ್ನಿಂದ ಆಗಲ್ಲ.'

ಡಾಕ್ಟರಿಗೆ ಫೋನು ಮಾಡಿದೆ. "ನಡುವೆ ಬಿಟ್ರೆ ಕಷ್ಟಪಟ್ಟಿದ್ದೆಲ್ಲ ನೀರುಪಾಲಾಗುತ್ತಮ್ಮ. ಹೇಗಾದ್ರೂ ಮಾಡಿ ಕರಕೊಂಡು ಬನ್ನಿ," ಎಂದರು. ಶಿವಮೊಗ್ಗದಲ್ಲಿರುವ ಮಗಳು ಫೋನಿನಲ್ಲೇ ಅತ್ತು ಕರೆದಳು. ಇವರು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಕೂಗಾಡಿದೆ. "ನಾನೊಬ್ಬಳು ಇದೀನಿ ಅನ್ನೋದು ನೆನಪೈತಾ ನಿಮಗೆ?" ಎಂದು ಕಿರುಚಿದೆ. ಜಗಳಕ್ಕೂ ಎರಡು ದನಿ ಬೇಕು. ನನ್ನ ದನಿಯೊಂದೇ ಆ ಕೋಣೆಯಲ್ಲಿ ತಿರುಗಿ ನನಗೇ ಕೇಳಿಸಿತು. ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತುಬಿಟ್ಟೆ. ಇನ್ನು ಬೇಡಿಕೊಳ್ಳಲು ಮೈಯಲ್ಲಿ ಶಕ್ತಿ ಇರಲಿಲ್ಲ. ಆಗುವುದಾಗಲಿ ಅನ್ನಿಸಿತು.

ಮರುದಿನವೂ ಹೋಗಲಿಲ್ಲ. ಆ ಮಧ್ಯಾಹ್ನ ನನ್ನ ಫೋನಿಗೆ ಬ್ಯಾಂಕಿನ ಮೆಸೇಜು ಬಂತು. ನಮ್ಮಿಬ್ಬರದೂ ಒಂದೇ ಖಾತೆ. ಹಾಡು ಮಾರುವ ಯಾವುದೋ ಅಂಗಡಿಗೆ ದುಡ್ಡು ಹೋಗಿತ್ತು. ಕೋಣೆಯಲ್ಲಿ ನೋಡಿದರೆ ಇವರಿಲ್ಲ. ಹೊರಗೆ ಓಡಿ ಬಂದರೆ ತಗಡಿನ ಶೀಟಿನ ಕೆಳಗೆ ನಿಂತ ಕಾರಿನೊಳಗೆ, ಗಾಜೆಲ್ಲ ಏರಿಸಿಕೊಂಡು, ಒಬ್ಬರೇ ಕೂತಿದ್ದರು. ಸ್ಟೀರಿಯೊಗೆ ಪೆನ್‌ಡ್ರೈವ್ ಚುಚ್ಚಿ ತೆಗೆದು, ಮತ್ತೆ ಚುಚ್ಚಿ, ಗುಂಡಿಗಳನ್ನು ಒತ್ತುತ್ತಿದ್ದರು. ಅದರ ಚಿಕ್ಕ ಪರದೆಯ ಮೇಲೆ ಹಾಡು ಇಲ್ಲ ಎಂಬರ್ಥದ ಇಂಗ್ಲಿಷ್ ಅಕ್ಷರ ಬಂದು ಹೋಗುತ್ತಿತ್ತು. ಕೊನೆಗೆ ಮುಷ್ಟಿಯಿಂದ ಡ್ಯಾಶ್‌ಬೋರ್ಡಿಗೆ ಗುದ್ದಿದರು.

ನಾನು ಬಾಗಿಲು ತೆಗೆದು ಪಕ್ಕಕ್ಕೆ ಕೂತೆ. "ಫೋನ್‌ನಾಗೆ ಕೇಳಬಹುದಲ್ಲ್ರಿ?"

ಬರೆದು ತೋರಿಸಿದರು. 'ಫೋನಿನದು ಕೀಚಲು. ಮನೆಯಾಗೆ ಜೋರಾಗಿ ಹಚ್ಚಿದ್ರೆ ಓಣಿ ಮಂದಿ ಬಂದು ಅಳ್ತಾರೆ. ಇಲ್ಲಿ ಆದ್ರೆ ಯಾರಿಗೂ ಕೇಳಲ್ಲ.'

ಆಪರೇಷನ್ ಆದ ಮೇಲೆ ಅವರು ತಮಗೆ ಏನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ನನಗೆ ಆ ಹಾಡು ಕೇಳುವ ಮನಸ್ಸಿರಲಿಲ್ಲ. ಆ ದನಿ ಕೇಳಿದರೆ ತಡೆದುಕೊಳ್ಳಲಾರೆ ಎಂದು ಗೊತ್ತಿತ್ತು. ಆದರೂ ಅಂದೆ, "ನಾಳೆ ದಾವಣಗೆರೆನಾಗೆ ಸ್ಟೀರಿಯೊ ತೋರಿಸಣ. ಆದ್ರೆ ಮೊದಲು ಆಸ್ಪತ್ರೆ. ಇವತ್ತಿಂದ ಹಾಡು ಏನಿದ್ರೂ ದಾರಿ ಮೇಲೆ. ಕರೆಂಟಿಗೆ ಹೊಂಟ್ರೆ ಹಾಡು. ಮನೆನಾಗೆ ಮಲಗಿದ್ರೆ ಕೀಲಿ ನನ್ನ ಕೈನಾಗೆ."

ನನ್ನ ಮುಖವನ್ನೇ ನೋಡಿದರು. ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಎರಡು ಸಲ ಬಡಿದರು.

ಮರುದಿನ ಕರೆಂಟು ಮುಗಿಸಿಕೊಂಡು ಆವರಗೆರೆ ಕಡೆಯ ರಸ್ತೆಯಲ್ಲಿರುವ ನಜೀರ್ ಸಾಬರ ಅಂಗಡಿಗೆ ಹೋದೆವು. ಕಾರಿನ ಸೀಟ್ ಕವರು, ಸ್ಪೀಕರು ಹಾಕಿಕೊಡುವ ಸಣ್ಣ ಅಂಗಡಿ. ನನ್ನ ಓರಗೆಯ ಮನುಷ್ಯ. ಪೆನ್‌ಡ್ರೈವ್ ತಮ್ಮ ಕಂಪ್ಯೂಟರಿಗೆ ಹಾಕಿ ನೋಡಿ ಹೊರಗೆ ಬಂದರು.

"ಹಾಡು ಐತೆ ಅಕ್ಕಾ, ಎಲ್ಲೂ ಹೋಗಿಲ್ಲ. ಈ ಸೆಟ್ಟಿಗೆ ಇದನ್ನ ಓದಕ್ಕೆ ಬರಲ್ಲ, ಅಷ್ಟೇ. ಭಾಳ ಪುರಾನಾ ಸೆಟ್ಟು. ಹೊಸಾದು ಹಾಕ್ಸಿಬಿಡ್ರಿ."

ಇವರು ಬೇಡವೆಂದು ಕೈಯಾಡಿಸಿದರು. "ಹಂಗಾದ್ರೆ ಕಂಪ್ಯೂಟರ್‌ನಾಗೆ ಇದಕ್ಕೆ ಹೊಂದೋ ಹಂಗೆ ಮಾಡಿ ಕೊಡ್ತೀನಿ, ಕೂಡ್ರಿ," ಎಂದು ಒಳಗೆ ಹೋದರು. ಅಷ್ಟರಲ್ಲಿ ಗುಡುಗಿ ಮಳೆ ಸುರಿಯಿತು, ಅಂಗಡಿಯ ಕರೆಂಟು ಹೋಯಿತು. ಕಾದೆವು. ಬರಲಿಲ್ಲ. ಮೈ ಜಡವಾಗಿ ನಾನು ಸೀಟಿಗೆ ಒರಗಿದ್ದೆ. ಇವತ್ತು ಬೇಡ, ಮನೆಗೆ ಹೋಗೋಣ ಎಂದು ಬಾಯಿಗೆ ಬಂದಿತ್ತು. ನಜೀರ್ ಸಾಬರೇ ಒಂದು ವೈರು ಹಿಡಿದುಕೊಂಡು ಮಳೆಯಲ್ಲಿ ಓಡಿ ಬಂದರು. "ಫೋನಿಂದ ಸೀದಾ ಕೊಟ್ಟು ನೋಡಾಣ," ಎಂದು ಒಂದು ತುದಿ ಫೋನಿಗೆ, ಇನ್ನೊಂದು ತುದಿ ಸ್ಟೀರಿಯೊಗೆ ಚುಚ್ಚಿದರು. ಗೊರಗೊರ ಸದ್ದು ಬಂತು. ಪಿನ್ನು ಸಡಿಲವಿತ್ತು. ಬಿಚ್ಚಿ, ಒರೆಸಿ, ಬಿಗಿ ಮಾಡಿ ಮತ್ತೆ ಚುಚ್ಚಿದರು.

ಮೊದಲು ಹಾರ್ಮೋನಿಯಂ ಶ್ರುತಿ ಬಂತು. ಆಮೇಲೆ ತಬಲ. ಆಮೇಲೆ ಆ ದನಿ.

ನನ್ನನ್ನು ನೋಡಲು ಬಂದಾಗ ಅವರಿಗಿದ್ದ ದನಿ ಅದು. ಕಾರಿನ ತುಂಬ, ಗಾಜಿನ ತುಂಬ, ಹೊರಗಿನ ಮಳೆಯನ್ನೂ ಮೀರಿ ತುಂಬಿಕೊಂಡಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

"ವಾಹ್! ಏನು ಗಲಾ ಐತ್ರಿ! ಯಾರು ಇದು ಹಾಡಿರದು?" ಎಂದರು ನಜೀರ್ ಸಾಬರು.

ಇವರು ಬೆರಳಿನಿಂದ ತಮ್ಮ ಎದೆ ಮುಟ್ಟಿ ತೋರಿಸಿದರು. ನಜೀರ್ ಸಾಬರಿಗೆ ಅರ್ಥವಾಗಲಿಲ್ಲ. "ನಿಮ್ಮ ಕಡೆಯೋರಾ?" ಎಂದವರು, ಇವರ ಕುತ್ತಿಗೆಯ ಬಟ್ಟೆ ಉಸಿರಿಗೆ ಮೇಲೆ ಕೆಳಗೆ ಆಗುವುದನ್ನು ಆಗ ಗಮನಿಸಿದರು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಮಳೆ ಅವರ ಬೆನ್ನಿನ ಮೇಲೆ ಬೀಳುತ್ತಲೇ ಇತ್ತು. ಮೆಲ್ಲಗೆ, "ಇನ್ನೊಂದೀಟು ಏರಿಸ್ಲಾ ಸಾಹೇಬ್ರೆ?" ಎಂದು ಕೇಳಿದರು.

ಇವರು ಹೂಂ ಎಂದು ತಲೆಯಾಡಿಸಿದರು.

ಅಲ್ಲಿಂದ ಮುಂದೆ ದಿನಾ ಹೀಗೇ. ಹೋಗುವಾಗ ಕೆಲವು ಹಾಡು, ಬರುವಾಗ ಉಳಿದವು. ಅವರು ಕಣ್ಣುಮುಚ್ಚಿ ದುಃಖಪಡುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಕಾರ್ಖಾನೆಯಲ್ಲಿ ಯಂತ್ರದ ಸದ್ದಿಗೆ ಕಿವಿಗೊಟ್ಟು ತಪ್ಪು ಹಿಡಿಯುವವರ ಹಾಗೆ ಕೇಳುತ್ತಿದ್ದರು. ನಡುವೆ ಹಾಡು ನಿಲ್ಲಿಸಿ, ಗಾಡಿ ಸಿಗ್ನಲ್ಲಿನಲ್ಲಿ ನಿಂತಾಗ ಫೋನು ತೋರಿಸುತ್ತಿದ್ದರು. 'ಇಲ್ಲಿ ಶ್ರುತಿ ಇಳಿದೈತೆ. ಸ್ಟುಡಿಯೊದಾಗೆ ಫ್ಯಾನ್ ಬಂದ್ ಮಾಡಿದ್ರು, ಬೆವತು ಸಾಯ್ತಿದ್ದೆ.' ಇನ್ನೊಮ್ಮೆ, 'ಈ ಸಾಲಿನಾಗೆ ಹನುಮಂತ ತಾಳ ಬಿಟ್ಟಾನೆ. ನಾನೇ ಮುಚ್ಚಿಕೊಂಡೆ. ಇವತ್ತಿಗೂ ಅವನಿಗೆ ಗೊತ್ತಿಲ್ಲ.'

ತಡೆದುಕೊಳ್ಳಲಾಗದೆ ಹೋದದ್ದು ನನಗೆ. ಒಂದು ದಿನ ಹೈವೇ ಮೇಲೆ, ಮೂರನೆಯ ಹಾಡಿನ ನಡುವೆ, ರಸ್ತೆಯೇ ಕಾಣದಂತೆ ಕಣ್ಣು ತುಂಬಿತು. ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟೆ. ಅಷ್ಟು ದಿನದ್ದೆಲ್ಲ ಒಟ್ಟಿಗೆ ಬಂತು. ಇವರು ಹಾಡು ನಿಲ್ಲಿಸಿ ಫೋನು ಮುಂದೆ ಹಿಡಿದರು. 'ಯಾಕ?'

"ನಿಮ್ಮ ದನಿ ರೀ," ಅಂದೆ. "ಇಲ್ಲೇ ಪಕ್ಕದಾಗೆ ಕೂತೀರಿ, ದನಿ ಬ್ಯಾರೆ ಕಡೆಯಿಂದ ಬರ್ತೈತೆ. ಹೆಂಗೆ ಕೇಳದು ನಾನು?"

ಬಹಳ ಹೊತ್ತು ಬರೆದರು. ಅಳಿಸಿ ಮತ್ತೆ ಬರೆದರು. 'ಅದು ಹೋಗೈತೆ ಅಂತ ನನಗೆ ಗೊತ್ತೈತೆ. ಆದ್ರೆ ಹಾಡಿದ್ದೆ ಅನ್ನದೂ ಖರೆ ಅಲ್ಲ? ಮನೆನಾಗೆ ಮಲಗಿದಾಗ ಅದೇ ಸುಳ್ಳು ಅನ್ನಿಸಕ್ಕೆ ಹತ್ತಿತ್ತು.' ಅದರ ಕೆಳಗೆ ಇನ್ನೊಂದು ಸಾಲು. 'ಅಳು ಮುಗಿಸಿ ಗಾಡಿ ತೆಗಿ. ಹೊತ್ತಾಗ್ತೈತೆ.'

ನಗು ಬಂತು. ಮೂಗು ಒರೆಸಿಕೊಂಡು ಗಾಡಿ ತೆಗೆದೆ.

ಎಲ್ಲ ದಿನವೂ ಹೀಗೆ ಇತ್ತು ಎಂದಲ್ಲ. ಎಷ್ಟೋ ದಿನ ವಾಂತಿ ಬಂದು, ಹಾಡೂ ಬೇಡವಾಗಿ, ಸೀಟು ಹಿಂದಕ್ಕೆ ಮಾಡಿ ಮಲಗಿಬಿಡುತ್ತಿದ್ದರು. ವೈರು ಕಾಲ ಬಳಿ ಬಿದ್ದಿರುತ್ತಿತ್ತು. ಎಷ್ಟೋ ದಿನ ನಾನೇ ಎಲ್ಲಿದ್ದೇನೆ, ಹೋಗುತ್ತಿದ್ದೇನೋ ಬರುತ್ತಿದ್ದೇನೋ ತಿಳಿಯದ ಹಾಗೆ ಓಡಿಸುತ್ತಿದ್ದೆ. ಆದರೆ ಮತ್ತೆ ಒಂದು ದಿನವೂ ಬರುವುದಿಲ್ಲ ಎನ್ನಲಿಲ್ಲ. ಹೊಳೆ ತುಂಬಿತು, ಇಳಿಯಿತು. ರಸ್ತೆಯ ಎರಡೂ ಕಡೆ ನಾಟಿ ಮಾಡಿದ ಪೈರು ಹಸಿರು ತಿರುಗಿತು. ಶ್ರಾವಣ ಮುಗಿಯುವ ಹೊತ್ತಿಗೆ ಕರೆಂಟೂ ಮುಗಿಯಿತು.

ಈಗ ಅವರು ಕುತ್ತಿಗೆಗೆ ಒಂದು ಪುಟ್ಟ ಯಂತ್ರ ಒತ್ತಿಕೊಂಡು ಮಾತಾಡುತ್ತಾರೆ. ಅದರ ದನಿ ಯಾವ ಮನುಷ್ಯನದ್ದೂ ಅಲ್ಲ, ಆದರೆ ಬೈಗುಳ ಮಾತ್ರ ಅವರದೇ. ಪ್ರತಿ ಸಲ ತಪಾಸಣೆಗೆ ಹೋದಾಗಲೂ ಡಾಕ್ಟರು ಏನೂ ಇಲ್ಲ ಎಂದು ಕಳಿಸುತ್ತಾರೆ. ಆದರೆ ಆ ಮಳೆಗಾಲ ನನ್ನ ಪಾಲಿಗೆ ಮುಗಿದದ್ದು ಆಸ್ಪತ್ರೆಯಲ್ಲಲ್ಲ, ನಮ್ಮ ಅಂಗಳದಲ್ಲಿ.

ಕರೆಂಟು ಮುಗಿದ ಮೇಲಿನ ಭಾನುವಾರ ಹನುಮಂತಪ್ಪ, ಮಂಡಳಿಯ ಉಳಿದವರನ್ನು ಕರೆದುಕೊಂಡು ಬಂದರು. ಇವರೇ ಮೆಸೇಜು ಕಳಿಸಿ ಕರೆಸಿದ್ದರು. ಮಳೆ ಹೊಳವಾಗಿತ್ತು. ಅಂಗಳದಲ್ಲಿ ಜಮಖಾನ ಹಾಸಿ, ಕಾರಿನ ನಾಲ್ಕೂ ಬಾಗಿಲು ತೆಗೆದಿಟ್ಟು, ಇವರು ನನಗೆ ಡ್ರೈವರ್ ಸೀಟಿನಲ್ಲಿ ಕೂರಲು ಸನ್ನೆ ಮಾಡಿದರು. ವೈರು ಚುಚ್ಚಿದೆ. ಇವರ ಲೆಕ್ಕ ಏನೆಂದರೆ ಕಾರಿನಿಂದ ತಮ್ಮ ದನಿ ಬರಲಿ, ಮಂಡಳಿಯವರು ಅದಕ್ಕೆ ಬಾರಿಸಲಿ. ಓಣಿಯವರ ಭಯ ಆಗ ಅವರಿಗಿರಲಿಲ್ಲ.

ಹಾಡು ಶುರುವಾಯಿತು. ಹನುಮಂತಪ್ಪ ತಬಲ ಹಿಡಿದರು. ಒಂದು ಸಾಲು, ಎರಡು ಸಾಲು ಸರಿಯಾಗಿ ಹೋಯಿತು. ಆಮೇಲೆ ಕಾರಿನ ದನಿ ಮುಂದಕ್ಕೆ ಓಡತೊಡಗಿತು. ಅದಕ್ಕೆ ವಯಸ್ಸಾಗಿರಲಿಲ್ಲ, ಬಾರಿಸುವವರಿಗೆ ಆಗಿತ್ತು. ತಾಳದವರು ಎಡವಿದರು. ಹಾರ್ಮೋನಿಯಂ ಹಿಂದೆ ಬಿತ್ತು. ಹನುಮಂತಪ್ಪ ಬೆವರು ಸುರಿಸಿಕೊಂಡು ಸ್ವಲ್ಪ ಹೊತ್ತು ಬೆನ್ನಟ್ಟಿ, ಕೊನೆಗೆ ತಬಲದ ಮೇಲಿಂದ ಎರಡೂ ಕೈ ಎತ್ತಿಬಿಟ್ಟರು.

"ಸಾಕು ಬಿಡಪ್ಪ! ಈ ವಯಸ್ನಾಗೆ ಇವನ ಹಿಂದೆ ಓಡಕ್ಕಾಗಲ್ಲ. ಒಂದು ಗಳಿಗೆ ನಿಂತು ಕಾಯಲ್ವಲ್ಲೋ ಈ ಹುಡುಗ!"

ಇವರು ನಕ್ಕರು. ದನಿಯಿಲ್ಲದ ನಗು. ಭುಜ ಕುಣಿಯಿತು, ಕುತ್ತಿಗೆಯ ಬಟ್ಟೆ ಪಟಪಟ ಹಾರಿತು, ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, ಆರಿಸು ಎಂದು ಕೈ ಮಾಡಿದರು. ವೈರು ಕಿತ್ತೆ. ಇವರು ಜಮಖಾನದ ಮೇಲೆ ಹನುಮಂತಪ್ಪನವರ ಎದುರು ಹೋಗಿ ಕೂತು, ನೀನೇ ಹಾಡು ಎಂದು ಅವರ ಎದೆಗೆ ಬೆರಳು ತೋರಿಸಿದರು. ಆಮೇಲೆ ತೊಡೆಯ ಮೇಲೆ ತಾಳ ಹಾಕತೊಡಗಿದರು, ಕಾರಿನ ಹಾಡಿಗಿಂತ ಬಹಳ ನಿಧಾನವಾಗಿ, ಎಲ್ಲರಿಗೂ ಎಟುಕುವ ಹಾಗೆ.

"ನಾನಾ? ನನ್ನ ಗಂಟಲು ಎಮ್ಮೆ ಗಂಟಲು ಮಾರಾಯ," ಎನ್ನುತ್ತಲೇ ಹನುಮಂತಪ್ಪ ಶುರು ಮಾಡಿದರು. ದಪ್ಪ ದನಿ, ಮೇಲಿನ ಸಾಲು ಬಂದಾಗ ಸೀಳಿತು. ಇವರು ಮುಖ ಕಿವುಚಿದರು, ಆದರೆ ತಾಳ ಬಿಡಲಿಲ್ಲ. ಉಳಿದವರು ಪಲ್ಲವಿ ಹಿಡಿದರು. ಸುಶ್ರಾವ್ಯವಾಗಿತ್ತು ಎಂದು ಹೇಳಲಾರೆ. ನಾನು ಡ್ರೈವರ್ ಸೀಟಿನಲ್ಲೇ ಕಾಲು ಹೊರಗೆ ಚಾಚಿ, ತಲೆ ಹಿಂದಕ್ಕೆ ಒರಗಿಸಿ, ಇನ್ನೊಂದು ಹಾಡು ಮುಗಿದ ಮೇಲೆ ಎದ್ದು ಚಹಾ ಇಡೋಣ ಎಂದುಕೊಂಡೆ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಮೈಮೇಲೆ ಶಾಲು ಹೊದಿಸಿದ್ದರು. ಚಹಾ ಇವರೇ ಮಾಡಿದ್ದರು, ಎಲ್ಲರೂ ಕುಡಿದು ಲೋಟ ಕೆಳಗಿಟ್ಟಿದ್ದರು. ನಾನು ಗಾಬರಿಯಿಂದ ಎದ್ದು ಸೆರಗು ಸರಿಮಾಡಿಕೊಂಡೆ.

"ಮಲಕ್ಕಳ್ರಿ ಅಕ್ಕಾರ, ಅವಸರ ಏನೈತೆ," ಎಂದರು ಹನುಮಂತಪ್ಪ, ತಬಲಕ್ಕೆ ಗವಸು ಹಾಕುತ್ತ. "ನೀವು ಗೊರಕಿ ಹೊಡದ್ರಿ. ನಾವೆಲ್ಲ ಎಡವಿದ್ವಿ, ನಿಮ್ಮದೊಂದೇ ತಾಳ ತಪ್ಪಲಿಲ್ಲ ಅಂತ ಬಸಣ್ಣ ಬರೆದು ತೋರಿಸಿದ."